ಸತ್ತ ಮರಕ್ಕೆ ಕಾಲಂ ಇಲ್ಲ

ಪೈನ್ ತೋಪಿನ ಮರಗಳ ಎತ್ತರ ಅಳೆಯುವುದು ಅವಳ ಕೆಲಸ. ಆಳು ನೋಡಿದರೆ ಕುಳ್ಳಿ. ಆದರೂ ಅರಣ್ಯ ಇಲಾಖೆಯಲ್ಲೆಲ್ಲ ಅವಳ ಹೆಸರು ಎತ್ತರದಮ್ಮ. ಇಪ್ಪತ್ತೆರಡು ವರ್ಷದಿಂದ ಪ್ರತಿ ಚಳಿಗಾಲವೂ ಅದೇ ತೋಪು. ಟೇಪಿನ ಇನ್ನೊಂದು ತುದಿ ಹಿಡಿಯುವವನು ಅವಳ ಗಂಡ, ಅದೇ ಇಲಾಖೆಯ ಕಾವಲುಗಾರ.

"ರೀ, ಬುಡಕ್ಕೆ ಹಿಡೀರಿ ಅಂದ್ರೆ ಆಕಾಶ ನೋಡ್ತಾ ನಿಂತಿದ್ದೀರಲ್ಲ!"

"ತುದೀನೇ ಕಾಣ್ತಿಲ್ಲ ಕಣೇ. ನಿನಗೆ ಕಾಣುತ್ತಾ?"

ಅವಳಿಗೂ ಕಾಣುತ್ತಿರಲಿಲ್ಲ. ಅಷ್ಟು ಒತ್ತಾಗಿ ನೆಟ್ಟಿದ್ದರು. ಬಿಸಿಲಿಗಾಗಿ ಎಲ್ಲವೂ ಒಂದನ್ನೊಂದು ತಳ್ಳಿಕೊಂಡು ಮೇಲಕ್ಕೆ ನುಗ್ಗಿದ್ದವು. ಮೊದಲು ಮುಂದಾದವು ಮುಂದೆಯೇ ಹೋದವು. ಹಿಂದೆ ಬಿದ್ದವು ನೆರಳಲ್ಲಿ ಕಡ್ಡಿಯಂತಾಗಿ, ವರ್ಷಕ್ಕೆ ನಾಲ್ಕು ಬೆರಳೂ ಏರದೆ, ಕೊನೆಗೆ ನಿಂತಲ್ಲೇ ಒಣಗಿದವು.

ಒಣಗಿದ್ದನ್ನು ಬರೆಯಲು ಇಲಾಖೆಯ ಫಾರಂನಲ್ಲಿ ಜಾಗವೇ ಇರಲಿಲ್ಲ. ಗಿಡ್ಡ ಮರಗಳು ಸತ್ತು ಪಟ್ಟಿಯಿಂದ ಬಿದ್ದುಹೋದಂತೆಲ್ಲ ಸರಾಸರಿ ಎತ್ತರ ತಾನಾಗಿಯೇ ಏರುತ್ತಿತ್ತು, ಮೇಲಿನವರಿಂದ ಶಹಭಾಸ್ ಬರುತ್ತಿತ್ತು. ಅವಳಿಗೆ ಮೈ ಉರಿಯುತ್ತಿತ್ತು. ಸ್ಕೇಲಿಟ್ಟು ತಾನೇ ಒಂದು ಕಾಲಂ ಎಳೆದು, 'ಸತ್ತವು: ೪೧' ಎಂದು ಬರೆದು ಕಳಿಸಿದಳು. ಕೆಂಪು ಗೆರೆ ಹೊಡೆಸಿಕೊಂಡು ವಾಪಸ್ ಬಂತು. ಮರುವರ್ಷವೂ ಅದೇ ಕಥೆ. ಮೂರನೆಯ ವರ್ಷ ಹೊಸ ಅಧಿಕಾರಿಯ ಆದೇಶವೇ ಬಂತು: ಒತ್ತಾಗಿ ನೆಟ್ಟ ಮರ ಎತ್ತರ ಬೆಳೆಯುತ್ತದೆಂದು ಅಳತೆಯಿಂದ ಖಚಿತವಾಗಿದೆ, ಮುಂದಿನ ತೋಪುಗಳನ್ನು ಇನ್ನೂ ಒತ್ತಾಗಿ ನೆಡತಕ್ಕದ್ದು.

"ನನ್ನ ಅಳತೆ ತಗೊಂಡು ನನಗೇ ಬತ್ತಿ ಇಟ್ರಲ್ರೀ!" ಎಂದಳು ಗಂಡನಿಗೆ.

ಗಾಳಿಗೆ ಉರುಳಿದ್ದ ಒಂದು ದೊಡ್ಡ ಮರ, ಅದರ ಪಕ್ಕದಲ್ಲೇ ಆ ವರ್ಷ ಒಣಗಿದ್ದ ಒಂದು ಸಣಕಲು ಮರ. ಎರಡರ ಬುಡದಿಂದಲೂ ಗಂಡನ ಕೈಲಿ ಒಂದೊಂದು ಬಿಲ್ಲೆ ಕೊಯ್ಸಿ, ಚೀಲಕ್ಕೆ ಹಾಕಿಕೊಂಡು ಹೋಗಿ ಅಧಿಕಾರಿಯ ಮೇಜಿನ ಮೇಲೆ ಇಟ್ಟಳು. ದೊಡ್ಡ ಬಿಲ್ಲೆಯ ಅಂಟು ಫೈಲಿಗೆ ಮೆತ್ತಿತು.

"ಇದೇನಮ್ಮ ಇದು?"

"ಉಂಗುರ ಎಣಿಸಿ ಸಾರ್."

ಅವರು ಪೆನ್ನಿನ ತುದಿಯಿಂದ ಎಣಿಸಿದರು. ನಡುವೆ ಫೋನ್ ಬಂತು, ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಶುರು. ಅವಳು ಹಲ್ಲು ಕಚ್ಚಿ ನಿಂತಿದ್ದಳು.

"ಎರಡರಲ್ಲೂ ಇಪ್ಪತ್ತೆಂಟು. ಬೇರೆ ಬೇರೆ ಜಾತಿ ಇರಬೇಕು."

"ಒಂದೇ ಜಾತಿ ಸಾರ್. ಒಂದೇ ದಿನ ಅಕ್ಕಪಕ್ಕ ನೆಟ್ಟಿದ್ದು."

"ಹಾಗಾದ್ರೆ ಈ ಸಣ್ಣದಕ್ಕೆ ಏನು ರೋಗ?"

"ಪಕ್ಕದ್ದೇ ರೋಗ ಸಾರ್!"

ಅಧಿಕಾರಿ ಬೆರಳಿನ ಅಂಟು ಕೆರೆಯುತ್ತ ಕೂತರು.

ತಿಂಗಳೊಳಗೆ ಒತ್ತಾಗಿ ನೆಡುವ ಆದೇಶ ಸದ್ದಿಲ್ಲದೆ ರದ್ದಾಯಿತು. ತೋಪಿನ ಒಂದು ಭಾಗದಲ್ಲಿ ಮೂರಕ್ಕೊಂದು ಮರ ತೆಗೆಯಲು ಒಪ್ಪಿಗೆಯೂ ಬಂತು. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಅವಳೇ ಬಣ್ಣ ಹಚ್ಚಿದಳು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಉಳಿದ ಮರಗಳು ಕೈಕಾಲು ಚಾಚಿಕೊಂಡಂತೆ ಕೊಂಬೆ ಬಿಟ್ಟು ದಪ್ಪಗಾದವು. ಅವಳು ಸುತ್ತಳತೆಯನ್ನು ಖುಷಿಯಿಂದ ಬರೆದು ಕಳಿಸಿದಳು.

ಮರುದಿನವೇ ಅಧಿಕಾರಿಯ ಫೋನ್. "ಅಷ್ಟೊಂದು ಮರ ಕಡಿಸಿದ್ರಲ್ಲಮ್ಮ, ಎತ್ತರ ಯಾಕೆ ಜಾಸ್ತಿ ಆಗಿಲ್ಲ?"

ಅವಳು ಒಂದು ಕ್ಷಣ ಕಣ್ಣು ಮುಚ್ಚಿ, ಫೋನನ್ನು ಗಂಡನ ಕೈಗೆ ತುರುಕಿದಳು.

"ತಗೊಳ್ಳಿ, ನೀವೇ ಮಾತಾಡಿ. ನನ್ನ ಕೈಲಾಗಲ್ಲ."