ಪಾದರಸದ ಪಕ್ಕದ ಗೀಟು

ರಾಸಾಯನಿಕಗಳ ಗೋದಾಮಿನಲ್ಲಿ ಬಾಟಲಿಗಳಿಗೆ ಹೆಸರು ಬರೆಯುವ ಕೆಲಸ ಅವನದು. ಎಲ್ಲರ ಬಾಯಲ್ಲೂ ಅವನು ಚೀಟಿಮಾವ. ಸೋಡಿಯಂನಂಥ ಲೋಹಗಳು ಸಾಧು ಪ್ರಾಣಿಗಳು, ಅವುಗಳ ವಿದ್ಯುತ್ ಚಾರ್ಜ್ ಯಾವಾಗಲೂ ಒಂದೇ. ಹೆಸರು ಬರೆದರೆ ಮುಗಿಯಿತು. ಪಾದರಸ, ಕಬ್ಬಿಣ, ತಾಮ್ರ ಹಾಗಲ್ಲ. ಒಂದೊಂದು ಕಡೆ ಒಂದೊಂದು ಚಾರ್ಜ್. ಅದಕ್ಕೇ ಹೆಸರಿನ ಪಕ್ಕ ಕಂಸದೊಳಗೆ ಚಾರ್ಜ್ ಎಷ್ಟೋ ಅಷ್ಟು ಗೀಟು ಎಳೆಯಬೇಕು. ಪಾದರಸದ ಕ್ಲೋರೈಡಿಗೆ ಒಂದು ಗೀಟಿದ್ದರೆ ಅದು ನೀರಲ್ಲಿ ಕರಗದ ಬಿಳಿ ಪುಡಿ. ಎರಡಿದ್ದರೂ ಬಿಳಿ ಪುಡಿಯೇ, ಆದರೆ ಚೂರು ಹೊಟ್ಟೆಗೆ ಹೋದರೂ ಮನುಷ್ಯ ಉಳಿಯುವುದು ಕಷ್ಟ. ಇಷ್ಟು ದೊಡ್ಡ ವಿಷಯಕ್ಕೆ ಇಷ್ಟು ಸಣ್ಣ ಗೀಟು ಇಟ್ಟ ಪುಣ್ಯಾತ್ಮ ಯಾರೋ!

ಚಳಿಗಾಲ ಶುರುವಾದಾಗಿನಿಂದ ಚೀಟಿಮಾವನಿಗೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡರೆ ಸರಿಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸಕ್ಕೆ ಕಲ್ಲು. ಮನೆಯಲ್ಲಿ ಗಂಡ ಸತ್ತ ಮಗಳು, ಅವಳ ಎರಡು ಕೂಸುಗಳು. ಈ ಮುದುಕನನ್ನು ಇನ್ಯಾರು ಮೂಸಿ ನೋಡುತ್ತಾರೆ?

ಬೇಸಿಗೆಯ ಒಂದು ಬೆಳಿಗ್ಗೆ ಯಜಮಾನ ಪಕ್ಕದಲ್ಲೇ ಬಂದು ನಿಂತ. ಕಣ್ಣು ಮುಚ್ಚಲು ಇವನಿಗೆ ಧೈರ್ಯ ಬರಲಿಲ್ಲ. ಪಾದರಸದ ಕ್ಲೋರೈಡಿನ ಡ್ರಮ್ಮಿನ ಮೇಲಿನ ಗೀಟುಗಳು ಒಂದಕ್ಕೊಂದು ಅಂಟಿಕೊಂಡು ಎರಡರಂತೆ ಕಂಡವು. ಎರಡು ಕಂಡರೆ ಇರುವುದು ಒಂದು ಎಂದು ಮನಸ್ಸಿನಲ್ಲೇ ಅರ್ಧ ಮಾಡಿ, ಅದರಿಂದ ತುಂಬಿದ ಬಾಟಲಿಗಳಿಗೆಲ್ಲ ಒಂದೊಂದೇ ಗೀಟು ಎಳೆದ. ವ್ಯಾನು ಅವನ್ನು ತುಂಬಿಕೊಂಡು ಹೊರಟಿತು.

ಊಟಕ್ಕೆ ಕೂತಾಗ ಅನುಮಾನ ಬಂತು: ನಾಲ್ಕು ಗೀಟು ಅಂಟಿಕೊಂಡು ಎರಡಾಗಿ ಕಂಡಿದ್ದರೆ? ಎದ್ದು ಹೋಗಿ, ಉಳಿದ ಪುಡಿಗೆ ಅಮೋನಿಯಾ ಹನಿಸಿದ. ಒಂದು ಗೀಟಿನದಾದರೆ ಕಪ್ಪಾಗಬೇಕಿತ್ತು. ಬೆಳ್ಳಗೇ ಇತ್ತು.

"ಧಣಿ, ತಪ್ಪಾಯ್ತು. ಅದು ಎರಡರದ್ದು. ವ್ಯಾನ್ ನಿಲ್ಲಿಸಿ."

ಯಜಮಾನ ಡ್ರೈವರಿಗೆ ಫೋನ್ ಹಚ್ಚಿದ. ಇನ್ನೂ ಒಂದು ಬಾಟಲಿಯನ್ನೂ ಇಳಿಸಿರಲಿಲ್ಲ.

"ಅಬ್ಬಾ, ಬದುಕಿದ್ವಿ! ಹೋಗ್ಲಿ ಬಿಡಿ ಮಾವ. ನಡೆಯೋನು ಎಡವದೆ ಕೂತೋನು ಎಡವ್ತಾನಾ? ಗಾಡಿ ಬಂದ ತಕ್ಷಣ ಹೊಸ ಚೀಟಿ ನೀವೇ ಬರೆದುಬಿಡಿ," ಎಂದು ಯಜಮಾನ ಪೆನ್ನು ಚಾಚಿದ.

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹಾಳಾದ್ದು, ಕೈ ಮುಂದೆ ಹೋಗಲಿಲ್ಲ.

"ನನ್ನ ಕೈಲಿ ಬರೆಸಬೇಡಿ. ನಂಗೆ ಒಂದು ಎರಡಾಗಿ ಕಾಣುತ್ತೆ."

"ಏನು? ಯಾವಾಗಿಂದ?"

"ಚಳಿಗಾಲದಿಂದ."

ಯಜಮಾನ ತಿರುಗಿ ಕಪಾಟುಗಳತ್ತ ನೋಡಿದ. ನೆಲದಿಂದ ಸೂರಿನವರೆಗೆ ಬಾಟಲಿಗಳು, ಎಲ್ಲದರ ಮೇಲೂ ಚೀಟಿಮಾವನ ಅಕ್ಷರ. ನಡುನಡುವೆ ಖಾಲಿ ಜಾಗಗಳಿದ್ದವು. ಅಲ್ಲಿದ್ದ ಬಾಟಲಿಗಳು ಆಗಲೇ ಮಾರಾಟವಾಗಿ ಹೋಗಿದ್ದವು.