ಗಿರಿಜತ್ತೆ ಕಳೆದುಕೊಂಡ ಚೀಟಿ

ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಟ್ರಂಕಿನ ತಳದಿಂದ ಆ ಕರಿ ಕಂಬಳಿಯನ್ನು ಎಳೆದು ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕುತ್ತೇನೆ. ಚಿತ್ರದುರ್ಗದ ಬಿಸಿಲಿಗೆ ಅರ್ಧ ಗಂಟೆ ಸಾಕು, ಅದರ ವಾಸನೆ ಏಳುತ್ತದೆ. ಕುರಿಯ ಮೈಯದು, ನೇಯುವಾಗ ಹಚ್ಚಿದ ಹುಣಿಸೆಬೀಜದ ಗಂಜಿಯದು, ಒಣಕೊಬ್ಬರಿಯದು, ಕೊನೆಗೆ ಎಲ್ಲೋ ಒಂದೆಳೆ ದೊಡ್ಡಪತ್ರೆ ಸೊಪ್ಪಿನದು. ದೊಡ್ಡಪತ್ರೆಯ ವಾಸನೆ ಇಷ್ಟು ವರ್ಷ ಕಂಬಳಿಯಲ್ಲಿ ಉಳಿದಿರಲಾರದು. ಅದು ನನ್ನ ಮೂಗಿನಲ್ಲೇ ಇರಬೇಕು. ಹಿರಿಯೂರಿನ ನಮ್ಮ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವಿದಾಗ ಉಳಿದವರೆಲ್ಲ ಹಿತ್ತಾಳೆ ಹಂಡೆ, ಸಾಗುವಾನಿ ಬಾಗಿಲು, ಅಜ್ಜಿಯ ಕಲ್ಲಿನ ಮರಿಗೆ ತೆಗೆದುಕೊಂಡರು. ನಾನು ಈ ಕಂಬಳಿ ಕೇಳಿದೆ. ದೊಡ್ಡಪ್ಪನ ಸೊಸೆ ನಕ್ಕು, "ಅಯ್ಯೋ ಇದನ್ನಾ? ಕೆಲಸದೋಳಿಗೆ ಕೊಡಾಣ ಅಂತಿದ್ದೆ, ತಗಂಡ್ ಹೋಗ್ರಿ" ಅಂದಳು. ನಾನೂ ನಕ್ಕೆ.

ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಆ ಜಾಗದಲ್ಲಿ ನಿಂತು ನೋಡಿದರೆ ಅಡುಗೆಮನೆ ಎಲ್ಲಿತ್ತು ಎಂದು ತಿಳಿಯದಂಥದ್ದು. ನಮ್ಮ ಮನೆಯ ಹಿಂದೆ ತೆಂಗಿನಕಾಯಿ ಒಟ್ಟುವ ಅಟ್ಟವಿತ್ತು. ಒಂದು ವರ್ಷ ಕಾಯಿ ಅಲ್ಲಿ ನೆರಳಲ್ಲೇ ಒಣಗಿ ಕೊಬ್ಬರಿಯಾಗಬೇಕು. ಅಜ್ಜ ತೀರಿಕೊಂಡ ಮೇಲೆ ವ್ಯಾಪಾರ ದೊಡ್ಡಪ್ಪನದು, ಅಟ್ಟ ಮಾತ್ರ ಗಿರಿಜತ್ತೆಯದು. ಗಿರಿಜತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಹೋಗಿ ತವರಿಗೆ ಬಂದವಳು. ಅಟ್ಟದ ಬೀಗದ ಕೈ ಅವಳ ಸೊಂಟದಲ್ಲಿ ಸದಾ ಇರುತ್ತಿತ್ತು. ಏಣಿ ಹತ್ತಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಈ ಕಡೆ, ನೀರಿನ ಸಪ್ಪಳ ಬಂದರೆ ಆ ಕಡೆ. ನನ್ನನ್ನೂ ಕೂರಿಸಿಕೊಂಡು, "ಕೇಳು ಪುಟ್ಟಿ, ಇದು ಇನ್ನೂ ಹಸುಳೆ, ಮಲಗ್ಲಿ ಬಿಡು" ಅನ್ನುತ್ತಿದ್ದಳು. ಅವಳ ಕೈಬೆರಳ ಸಂದುಗಳಲ್ಲಿ ನಾರಿನ ಕೆಂಪು ಧೂಳು ಇರುತ್ತಿತ್ತು, ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಅವಳಿಗೆ ಒಂದೇ ಒಂದು ಆಸೆಯ ಅಡುಗೆ ಇತ್ತು, ಬದನೆಕಾಯಿ ಎಣ್ಣೆಗಾಯಿ. ಅದು ಮಾಡಿದ ದಿನ ಎರಡು ರೊಟ್ಟಿ ಹೆಚ್ಚು ತಿಂದು, ಯಾರಾದರೂ ನೋಡಿದರೆ ನಾಚಿಕೊಳ್ಳುತ್ತಿದ್ದಳು.

ಆ ಮನೆಯಲ್ಲಿ ಇಂಗ್ಲಿಷು ಓದುತ್ತಿದ್ದವಳು ನಾನೊಬ್ಬಳೇ. ಸಿಸ್ಟರುಗಳ ಸ್ಕೂಲು, ನೀಲಿ ಪಿನಾಫೋರು, ಬಿಳಿ ರಿಬ್ಬನ್ನು. ನಾಲ್ಕನೇ ಕ್ಲಾಸಿನ ನನ್ನನ್ನು ಅಜ್ಜಿ ಬಂದವರ ಮುಂದೆಲ್ಲ ನಿಲ್ಲಿಸಿ ಏನಾದರೂ ಹೇಳಿಸುತ್ತಿದ್ದಳು. ನನ್ನ ಹೆಸರೇ "ಇಂಗ್ಲಿಷಮ್ಮ" ಎಂದಾಗಿತ್ತು. ಸೋಪಿನ ಹೊದಿಕೆ, ಔಷಧದ ಬಾಟ್ಲಿ, ಗೊಬ್ಬರದ ಚೀಲ, ಏನು ಬಂದರೂ ನನ್ನ ಕೈಗೆ ಕೊಡುವರು. ಗೊತ್ತಿದ್ದದ್ದನ್ನು ಓದುತ್ತಿದ್ದೆ. ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ.

ಆ ವರ್ಷ ಹೊಳಲ್ಕೆರೆಯ ನೆಂಟರ ಮದುವೆಗೆ ದೊಡ್ಡಪ್ಪ ಮತ್ತು ಗಿರಿಜತ್ತೆ ಇಬ್ಬರೇ ಹೋದರು. ಅಲ್ಲಿ ಹಿತ್ತಲಲ್ಲಿ ಹೂ ಬಿಡಿಸುವಾಗ ಅತ್ತೆಯ ಮೊಣಕೈಗೆ ಕಣಜ ಕಡಿಯಿತಂತೆ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದೆದ್ದು, ತಲೆ ಸುತ್ತಿ ಬಿದ್ದಳಂತೆ. ಅಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ಒಂದು ಚೀಟಿ ಬರೆದುಕೊಟ್ಟು ಕಳಿಸಿದ್ದರು. ಮರುದಿನ ಸಂಜೆ ಬಸ್ಸಿಳಿದು ಬಂದ ದೊಡ್ಡಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತು, "ಅದೇನೋ ಉದ್ದಕ್ಕೆ ಹೇಳಿದ್ರು, ನಂಗೇನೂ ನೆನಪಿಲ್ಲ. ಎಲ್ಲಾ ಚೀಟ್ಯಾಗೆ ಐತೆ ಅಂದ್ರು. ಬಾ ಇಂಗ್ಲಿಷಮ್ಮ, ಓದು" ಎಂದ.

ಎಲ್ಲರೂ ನನ್ನ ಸುತ್ತ ಕೂತರು. ಅತ್ತೆ ಇನ್ನೂ ಬಾಡಿದ ಮುಖದಲ್ಲೇ ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಚೀಟಿಯ ತುಂಬ ಇರುವೆ ಹರಿದಂಥ ಅಕ್ಷರ. ಅತ್ತೆಯ ಹೆಸರು ಓದಲು ಬಂತು. 'ಎ'ಯಿಂದ ಶುರುವಾಗುವ ಒಂದು ಪದವಿತ್ತು, ಅದರಡಿ ಎರಡು ಗೆರೆ ಎಳೆದಿದ್ದರು, ಅದು ತಿಳಿಯಲಿಲ್ಲ. ಕೊನೆಯ ಸಾಲಿನಲ್ಲಿ 'ನೆಕ್ಸ್ಟ್' ಎಂಬುದು ತಿಳಿಯಿತು, 'ಹಾಸ್ಪಿಟಲ್' ಎಂಬುದು ತಿಳಿಯಿತು. ನಡುವೆ ಏನಿದೆಯೋ ಕೂಡಿಸಲು ಆಗಲಿಲ್ಲ. ನನಗೆ ಬರುವುದಿಲ್ಲ ಎಂದು ಹೇಳಿದ್ದರೆ ದೊಡ್ಡಪ್ಪ ಎದುರು ಬೀದಿಯ ಮೇಷ್ಟರ ಹತ್ತಿರ ಓದಿಸುತ್ತಿದ್ದ, ಅಷ್ಟೇ. ಆದರೆ ಅಜ್ಜಿ ಆಗಲೇ, "ಪಿತ್ತ ಕಣೇ, ಇನ್ನೇನು! ಮದುವೆ ಮನ್ಯಾಗೆ ಸಿಕ್ಕಿದ್ದೆಲ್ಲ ತಿಂದಿರ್ತಾಳೆ" ಅನ್ನುತ್ತಿದ್ದಳು. ನನಗೆ ಅದೇ ದಾರಿಯಾಯಿತು. ಗಂಟಲು ಸರಿಮಾಡಿಕೊಂಡು, ಬೆರಳನ್ನು ಸಾಲಿನ ಮೇಲೆ ನಡೆಸುತ್ತ ಓದಿದೆ: ಪಿತ್ತ ಜಾಸ್ತಿಯಾಗಿದೆ, ಬೆಚ್ಚಗಿರಬೇಕು, ಹುಳಿ ತಿನ್ನಬಾರದು. ಇನ್ನೂ ಎರಡು ಸಾಲು ಉಳಿದಿತ್ತು. "ಬದನೆಕಾಯಿ ತಿನ್ನಲೇಬಾರದು" ಎಂದು ಸೇರಿಸಿದೆ. ಅಜ್ಜಿ ತೊಡೆ ತಟ್ಟಿಕೊಂಡಳು. "ನಾನು ಹೇಳಲಿಲ್ವಾ? ಡಾಕ್ಟ್ರೂ ಅದೇ ಬರ್ದವ್ರೆ!" ಅತ್ತೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, "ಬದ್ನೆಕಾಯೂ ಹೋತಾ?" ಎಂದು ನಕ್ಕಳು. ಅಂದಿನಿಂದ ಅವಳು ಅದನ್ನು ಮುಟ್ಟಲಿಲ್ಲ. ಎಣ್ಣೆಗಾಯಿ ಮಾಡಿದ ದಿನ ಮಜ್ಜಿಗೆಯಲ್ಲಿ ಉಂಡು ಎದ್ದುಬಿಡುತ್ತಿದ್ದಳು. ನಾನು ತಟ್ಟೆ ನೋಡುತ್ತ ತಿನ್ನುತ್ತಿದ್ದೆ.

ನಾಲ್ಕೈದು ತಿಂಗಳಾಗಿರಬೇಕು. ಧರ್ಮಪುರದ ಕಡೆಯ ಕರಿಯಪ್ಪ ನಮ್ಮ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದ ದಿನಗಳು. ಗೊಬ್ಬರಕ್ಕೆಂದು ಪ್ರತಿ ವರ್ಷ ಬರುತ್ತಿದ್ದ. ಈ ಕಂಬಳಿ ಅವನ ಮನೆಯಲ್ಲಿ ನೇಯ್ದದ್ದೇ. ಭಾನುವಾರದ ಮಧ್ಯಾಹ್ನ ಅವನು ಜಗುಲಿಯಲ್ಲಿ ಊಟಕ್ಕೆ ಕೂತಿದ್ದ, ನಾನು ಒಳಗೆ ಕಾಪಿ ಬರೆಯುತ್ತಿದ್ದೆ. ಅಟ್ಟದಿಂದ ಅತ್ತೆ "ಅವ್ವಾ" ಎಂದು ಕೂಗಿ ಏಣಿ ಇಳಿದು ಬಂದಳು, ಕುತ್ತಿಗೆ ಒತ್ತಿಹಿಡಿದುಕೊಂಡಿದ್ದಳು. "ಕುತ್ತಿಗೆಗೆ ಕಣಜ ಕಡೀತು. ಅಂಗೈಯೂ ಉರೀತೈತೆ" ಅಂದಳು. ನೋಡನೋಡುತ್ತ ಅವಳ ಕೈ, ಹೊಟ್ಟೆ, ಕಿವಿಯ ಹಿಂದೆ ದದ್ದುಗಳು ಒಂದಕ್ಕೊಂದು ಕೂಡಿಕೊಂಡು ಎದ್ದವು. ನಮ್ಮ ಕಡೆ ಪಿತ್ತದ ಗಂಧೆ ಎದ್ದರೆ ಮಾಡುವುದು ಒಂದೇ, ದೊಡ್ಡಪತ್ರೆ ರಸ ಹಚ್ಚಿ, ಒರಟು ಕಂಬಳಿಯಿಂದ ಉಜ್ಜಿ, ಅದನ್ನೇ ಹೊದಿಸಿ ಮಲಗಿಸುವುದು. ಅಜ್ಜಿ ಅದನ್ನೇ ಮಾಡಿದಳು.

"ನಿಜ ಹೇಳೇ ಗಿರಿಜಾ, ಯಾರ ಮನ್ಯಾಗೆ ಬದ್ನೆಕಾಯಿ ತಿಂದೆ?"

"ಇಲ್ಲವ್ವಾ, ಕಣಜ..."

"ಹುಳ ಕಡಿದ್ರೆ ಕಡಿದ ಜಾಗ ಊದ್ತೈತೆ. ಮೈಯೆಲ್ಲ ಏಳ್ತೈತೇನೆ? ಚೀಟ್ಯಾಗೇ ಬರ್ದಿತ್ತಲ್ಲ ಪಿತ್ತ ಅಂತ." ಉಜ್ಜುವುದನ್ನು ನಿಲ್ಲಿಸದೆ ಅಜ್ಜಿ ನನ್ನ ಕಡೆ ತಿರುಗಿದಳು. "ಏನೇ ಇಂಗ್ಲಿಷಮ್ಮ, ಹಂಗೇ ಅಲ್ವಾ ಬರ್ದಿದ್ದು?"

ಅತ್ತೆಯ ತುಟಿ ಅಷ್ಟರಲ್ಲಿ ಬೇರೆ ಯಾರದೋ ತುಟಿಯಂತೆ ದಪ್ಪಗಾಗಿತ್ತು. ಕಣ್ಣು ಸಣ್ಣದಾಗಿತ್ತು. ಆ ಸಣ್ಣ ಕಣ್ಣಿನಿಂದ ನನ್ನನ್ನು ನೋಡಿದಳು. ನನ್ನ ತಲೆಯಲ್ಲಿ 'ಹಾಸ್ಪಿಟಲ್' ಎಂಬ ಆ ಪದ, ಡಾಕ್ಟರ ಸೊಟ್ಟ ಅಕ್ಷರದಲ್ಲೇ, ಎದ್ದು ನಿಂತಿತ್ತು. ಪೆನ್ಸಿಲು ಕೈಯಲ್ಲೇ ಇತ್ತು.

"ಹೂಂ ಅಜ್ಜಿ" ಅಂದೆ.

ಮೊದಲ ಸಲ ಓದಿದಾಗ ನಾನು ಮಗು, ಜಂಬಕ್ಕೆ ಸುಳ್ಳು ಹೇಳಿದೆ ಎಂದು ನನ್ನನ್ನು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಈ "ಹೂಂ"ಗೆ ಮಾತ್ರ ಏನೂ ಸಿಕ್ಕಿಲ್ಲ. ಆಗ ನನಗೆ ಗೊತ್ತಿತ್ತು.

ಅತ್ತೆಯ ಉಸಿರು ಸೀಟಿಯಂತೆ ಕೇಳತೊಡಗಿತು. ಕರಿಯಪ್ಪ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತ. ಒಂದು ಕ್ಷಣ ನೋಡಿದ. "ಅವ್ವಾರೆ, ಕಂಬ್ಳಿ ಬಿಡ್ರಿ. ಇದು ಗಂಧೆ ಅಲ್ಲ. ನಮ್ಮಣ್ಣಂಗೆ ಹೆಜ್ಜೇನು ಕಡ್ದಾಗ ಹಿಂಗೇ ತುಟಿ ದಪ್ಪ ಆತು, ದನಿ ಹೋತು. ನಾವೂ ಹಿಂಗೇ ಕಂಬ್ಳಿ ಹೊದಿಸ್ಕಂಡು ಕುಂತ್ವಿ. ಏಳ್ರಿ, ಆಸ್ಪತ್ರೆಗೆ ಹೋಗಾಣ" ಎಂದವನೇ ಅತ್ತೆಯನ್ನು ಕಂಬಳಿ ಸಮೇತ ಎತ್ತಿಕೊಂಡ. ಮಂಡಿಗೆ ಹೊರಟಿದ್ದ ಕಾಯಿ ಟೆಂಪೋ ಬಾಗಿಲಲ್ಲೇ ಇತ್ತು. ದೊಡ್ಡಪ್ಪ ಮುಂದೆ ಹತ್ತಿದ, ಅಜ್ಜಿ ನನ್ನ ಕೈ ಹಿಡಿದು ಹಿಂದೆ ಹತ್ತಿದಳು. ಓದು ಬಾರದ ಕರಿಯಪ್ಪನಿಗೆ ಆ ಚೀಟಿಯಲ್ಲಿದ್ದದ್ದು ಗೊತ್ತಿತ್ತು.

ಇಂಜೆಕ್ಷನ್ ಆಗಿ, ಅತ್ತೆ ಕಣ್ಣು ಬಿಟ್ಟು, ದೊಡ್ಡಪ್ಪ ಬೆವರು ಒರೆಸಿಕೊಂಡ ಮೇಲೆ ಡಾಕ್ಟರು ಬೈದರು. ಈ ಹುಳದ ವಿಷ ಇವರ ಮೈಗೆ ಆಗುವುದಿಲ್ಲ, ಇದಕ್ಕೆ ಅಲರ್ಜಿ ಅನ್ನುತ್ತಾರೆ, ಸ್ವಲ್ಪ ತಡವಾಗಿದ್ದರೆ ಗಂಟಲು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು ಎಂದರು. "ಮೊದ್ಲು ಹಿಂಗಾದಾಗ ಯಾರೂ ಹೇಳಿರಲಿಲ್ವೇನ್ರೀ?"

"ಚೀಟಿ ಕೊಟ್ಟಿದ್ರು ಸಾರ್, ಪಿತ್ತ ಅಂತ ಬರ್ದಿತ್ತು. ನಮ್ಮ ಹುಡುಗೀನೇ ಓದಿದ್ದು" ಎಂದ ದೊಡ್ಡಪ್ಪ.

"ಯಾವ ಡಾಕ್ಟ್ರೂ ಹಂಗೆ ಬರಿಯಲ್ಲ. ಎಲ್ಲಿ ಚೀಟಿ?"

ನಾನು ಮಂಚದ ಕಬ್ಬಿಣದ ಕಾಲು ಹಿಡಿದುಕೊಂಡಿದ್ದೆ, ಅದರ ಬಿಳಿ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಮಲಗಿದ್ದಲ್ಲಿಂದ ಅತ್ತೆಯ ಒಡಕು ದನಿ ಬಂತು. "ಎರಡು ಚೀಟಿ ಕೊಟ್ಟಿದ್ರು ಸಾರ್. ಹುಡುಗಿ ಓದಿದ್ದು ಊಟದ್ದು. ಇನ್ನೊಂದು ನಾನೇ ಬಸ್ಸಿನಾಗೆ ಕಳ್ಕಂಡೆ."

"ಎರಡೆಲ್ಲಿ ಕೊಟ್ರೇ?" ದೊಡ್ಡಪ್ಪ ಕಣ್ಣರಳಿಸಿದ.

"ನೀನು ಬಸ್ಸಿಗೆ ಸೀಟು ಹಿಡಿಯಾಕ್ ಓಡಿದ್ದೆ ಅಣ್ಣ. ಆಮೇಲೆ ಕರ್ದು ಕೊಟ್ರು."

ದೊಡ್ಡಪ್ಪ ಮನೆಗೆ ಬರುವವರೆಗೂ ಕೂಗಾಡಿದ. "ಒಂದು ಚೀಟಿ ಇಟ್ಕಳಾಕ್ ಬರಲ್ಲ, ಇವಳ ಕೈಗೆ ಬೀಗದ ಕೈ ಬ್ಯಾರೆ!" ಕಣಜದ ಭಯಕ್ಕೆ ಅವಳು ಇನ್ನು ಅಟ್ಟ ಹತ್ತುವುದು ಬೇಡ ಎಂದು ಹೇಗೂ ಆಗಿತ್ತು. ಆದರೆ ಕೀಲಿಕೈ ತೆಗೆದುಕೊಂಡದ್ದು ಆ ಕಾರಣಕ್ಕಲ್ಲ, ಎಲ್ಲರ ಎದುರಿಗೆ, ಜವಾಬ್ದಾರಿ ಇಲ್ಲದವಳು ಎಂದು. ಆಮೇಲೆ ಮನೆಯಲ್ಲಿ ಏನು ಕಳೆದರೂ "ಗಿರಿಜನ್ನ ಕೇಳ್ರಿ" ಎಂಬ ಮಾತು ಒಂದು ತಮಾಷೆಯೇ ಆಗಿಹೋಯಿತು. ಅತ್ತೆಯೂ ನಗುತ್ತಿದ್ದಳು. ಕೈ ಮಾತ್ರ ಆಗಾಗ ಸೊಂಟಕ್ಕೆ ಹೋಗಿ, ಏನೂ ಸಿಗದೆ ಸೆರಗು ಸರಿಮಾಡಿಕೊಂಡು ಬರುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೂರನೇ ದಿನವೋ ಏನೋ, ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಅವಳು ಕೂತಿದ್ದಳು. ಎಲೆಅಡಿಕೆ ಚೀಲ ಬಿಚ್ಚಿ ನಾಲ್ಕು ಮಡಿಕೆಯ ಕಾಗದ ತೆಗೆದು, ಬಿಡಿಸದೆ ಹಾಗೇ ಉರಿಗೆ ಹಾಕಿದಳು. ತಿರುಗಿದರೆ ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ನೀರು ಕಾದೈತೆ, ಬಾ. ತಲೆ ತಿಕ್ತೀನಿ" ಅಂದಳು. ಸೀಗೆಪುಡಿ ಕಣ್ಣಿಗೆ ಹೋಯಿತು ಎಂದು ಅಳುವುದಕ್ಕೆ ನನಗೆ ಒಂದು ನೆಪ ಸಿಕ್ಕಿತು.

ನಾನು ಹೇಳಬಹುದಿತ್ತು. ಹೈಸ್ಕೂಲಿನಲ್ಲಿ ಹೇಳಬಹುದಿತ್ತು, ಮದುವೆಯ ಹಿಂದಿನ ದಿನ ಅವಳು ನನ್ನ ಕೈಗೆ ಮೆಹಂದಿ ಹಚ್ಚುವಾಗ ಹೇಳಬಹುದಿತ್ತು. ದೊಡ್ಡಪ್ಪ ಬದುಕಿದ್ದಾಗಲೇ ಹೇಳಿದ್ದರೆ ಕೀಲಿಕೈಯಾದರೂ ವಾಪಸು ಬರುತ್ತಿತ್ತೇನೋ. ವರ್ಷಗಳು ಹೋದಂತೆ ಹೇಳುವುದು ಕಷ್ಟವಾಗುತ್ತ ಬಂತು, ಏಕೆಂದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಮನೆ ಹೋದ ಮೇಲೆ ಗಿರಿಜತ್ತೆ ದೊಡ್ಡಪ್ಪನ ಮಗನ ಮನೆಯಲ್ಲಿದ್ದಳು. ಅವಳು ತೀರಿಕೊಳ್ಳುವ ವರ್ಷ, ಎಳೆ ಗುಂಡುಬದನೆ ಆರಿಸಿ ತಂದು, ಹುಚ್ಚೆಳ್ಳು, ಕೊಬ್ಬರಿ ತುಂಬಿ ಎಣ್ಣೆಗಾಯಿ ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹಿರಿಯೂರು ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವಳ ಮಂಚದ ಮೇಲೆ ಕೂತು, ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ತಿನ್ನು ಅತ್ತೆ, ಏನೂ ಆಗಲ್ಲ" ಅಂದೆ. ಅಷ್ಟೇ ಬಂದದ್ದು.

ಅತ್ತೆ ಮುಚ್ಚಳ ತೆಗೆದಳು. ಕಣ್ಣು ಮುಚ್ಚಿ ಬಹಳ ಹೊತ್ತು ಆ ವಾಸನೆ ಎಳೆದುಕೊಂಡಳು. ಕಾಫಿ ಹಿಡಿದು ದೊಡ್ಡಪ್ಪನ ಸೊಸೆ ಬಾಗಿಲಿಗೆ ಬಂದಳು. ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅತ್ತೆ ಮುಚ್ಚಳ ಒತ್ತಿ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಬ್ಯಾಡ ಪುಟ್ಟಿ. ಡಾಕ್ಟ್ರು ಬ್ಯಾಡ ಅಂತ ಬರ್ದವ್ರಲ್ಲ. ನೀನೇ ಓದಿದ್ಯಲ್ಲ."

"ಹೂಂ ಅತ್ತೆ" ಅಂದೆ.

ಬಿಸಿಲು ಇಳಿದ ಮೇಲೆ ಕಂಬಳಿಯನ್ನು ಒಳಗೆ ತರುತ್ತೇನೆ. ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳಕ್ಕೆ ಇಡುತ್ತೇನೆ.