ಭಾನುವಾರ ಅಂಗಡಿ ತೆಗೆಯುವುದಿಲ್ಲ

ಹಗರಿಬೊಮ್ಮನಹಳ್ಳಿಯಲ್ಲಿ ದನ ಕುರಿಗಳ ಔಷಧಿ ಅಂಗಡಿ ನನ್ನದು. ಭಾನುವಾರ ಬಾಗಿಲು ತೆಗೆಯುವುದಿಲ್ಲ. ಹೊಸದರಲ್ಲಿ ಅಕ್ಕಪಕ್ಕದ ವ್ಯಾಪಾರಿಗಳು ನಕ್ಕಿದ್ದರು. ಈಗ ಎರಡು ಅಂಗಡಿ, ಒಂದು ಕಾರು ಆಗಿದೆ. ಇದೆಲ್ಲ ಭಾನುವಾರ ಪಾಲಿಸಿದ್ದರ ಫಲ ಅನ್ನುತ್ತಾರೆ ನಮ್ಮ ಚರ್ಚಿನ ಸಭೆಯವರು, ನಾನೂ ಹೂಂ ಅನ್ನುತ್ತೇನೆ. ಊರಿನ ಸಂತೆ ಭಾನುವಾರವೇ ಬಿದ್ದಿದ್ದರೆ ಈ ಭಕ್ತಿ ಎಷ್ಟು ದಿನ ಬಾಳುತ್ತಿತ್ತೋ, ಆ ಮಾತು ಯಾರೂ ಎತ್ತಿಲ್ಲ.

ಮೆಕ್ಕೆಜೋಳದ ಕೊಯ್ಲು ಮುಗಿದ ಹೊತ್ತು. ದೇವರು ನನ್ನ ವ್ಯಾಪಾರ ಹೇಗೆ ಬೆಳೆಸಿದ ಎಂದು ಆ ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳಲು ಪಾಸ್ಟರ್ ಕೇಳಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಚರ್ಚಿನ ಗೇಟಿಗೆ ಬಂದರೆ, ಕೋಗಳಿ ಕಡೆಯ ಕುರಿ ಕಾಯುವ ಅಜ್ಜ ನಿಂತಿದ್ದ. ನನ್ನ ಹಳೇ ಗಿರಾಕಿ. ಕೊಯ್ದ ಹೊಲದಲ್ಲಿ ಬಿದ್ದ ಜೋಳ ತಿಂದು ಅವನ ಕುರಿಗಳ ಹೊಟ್ಟೆ ಉಬ್ಬಿತ್ತು. ಇನ್ನೊಂದು ಔಷಧಿ ಅಂಗಡಿಯವರು ಮದುವೆಗೆ ಹೋಗಿದ್ದರು.

“ಒಂದು ಬಾಟ್ಲಿ ಕೊಟ್ಬಿಡ್ರಿ ಅಣ್ಣಾರ. ಉಸಿರು ಕಟ್ಟಾಕ ಹತ್ಯಾವು.”

ಅಂಗಡಿ ಐದು ನಿಮಿಷದ ದಾರಿ, ಬೀಗದ ಕೈ ಜೇಬಿನಲ್ಲೇ ಇತ್ತು. ಆದರೆ ಭಾನುವಾರ ನಾನು ಶಟರ್ ಎತ್ತಿದ್ದು ಯಾರಾದರೂ ನೋಡಿದರೆ ನನ್ನ ಸಾಕ್ಷಿಗೆ ಏನು ಬೆಲೆ? ಪ್ರಾರ್ಥನೆ ಮುಗಿಯಲಿ, ಬರುತ್ತೇನೆ ಎಂದು ಒಳಗೆ ಹೋದೆ.

ನನ್ನ ಸಾಕ್ಷಿಯ ಮಾತು ಉದ್ದವಾಯಿತು. ಭಾನುವಾರಕ್ಕಿಂತ ದಯೆ ದೊಡ್ಡದು ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಡುವವನೂ ನಾನೇ. ಅದು ನೆನಪಾಗಲಿಲ್ಲ ಅಂದರೆ ಸುಳ್ಳು. ನಡುವೆಯೇ ನೆನಪಾಯಿತು, ಆದರೂ ನಿಲ್ಲಿಸಲಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಹಿತವಾಗಿತ್ತು. ಥೂ, ನನ್ನ ಜನ್ಮಕ್ಕೆ.

ಹೊರಗೆ ಬಂದಾಗ ಅಜ್ಜ ಇರಲಿಲ್ಲ. ಸೋಮವಾರ ಅಂಗಡಿಗೆ ಬಂದ. ಏಳು ಕುರಿ ಸತ್ತಿದ್ದವು, ಉಳಿದವಕ್ಕೆ ಔಷಧಿ ಬೇಕಿತ್ತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ದುಡ್ಡು ಬೇಡ ಅಂದರೂ ಕೇಳದೆ ಇಟ್ಟ.

“ನೀವು ಹೇಳಿದ್ದೆಲ್ಲಾ ಮೈಕಿನಾಗ ಹೊರಗ ಕೇಳ್ಸತಿತ್ರಿ,” ಅಂದ. “ದೇವ್ರು ನಿಮಗ ಛಲೋ ಮಾಡ್ಯಾನ. ಮಾಡ್ಲಿ ಬಿಡ್ರಿ.”

ಆ ಮಾತಿನಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ.

ಸ್ವಲ್ಪ ದಿನಕ್ಕೆ ಹರಪನಹಳ್ಳಿಯ ಸಭೆಯವರು ಫೋನ್ ಮಾಡಿ ಅದೇ ಸಾಕ್ಷಿಯನ್ನು ತಮ್ಮಲ್ಲೂ ಹೇಳಬೇಕೆಂದರು. ಆಗುವುದಿಲ್ಲ ಅನ್ನಲು ಬಾಯಿ ತೆರೆದವನು ಬರ್ತೀನ್ರಿ ಅಂದೆ. ಹೋದೆ. ಕುರಿಗಳ ಸುದ್ದಿಯೊಂದು ಬಿಟ್ಟು ಎಲ್ಲ ಹೇಳಿದೆ. ಅಲ್ಲಿ ಇನ್ನೂ ಹೆಚ್ಚು ಜನ ಅತ್ತರು.